ಯಾವ ಹೊತ್ತಿಗೆ ಯಾವ ಆಲ್ಬಮ್? ರಾಕ್, ರ‍್ಯಾಪ್, ಎಲೆಕ್ಟ್ರಾನಿಕ್ ನಡುವೆ ಆರಿಸುವವರಿಗೆ

ಕಳೆದ ಬೇಸಿಗೆಯಲ್ಲಿ ಬಳ್ಳಾರಿಯ ಮೋತಿ ಸರ್ಕಲ್ ಹತ್ತಿರ ಒಗ್ಗರಣಿ, ಮಿರ್ಚಿ ತಿನ್ನುತ್ತಾ ನಿಂತಿದ್ದಾಗ ನಮ್ಮ ಚಿಕ್ಕಪ್ಪನ ಮಗ ಕೇಳಿದ. "ಅಣ್ಣಾ, ಇಂಗ್ಲಿಷ್ ಆಲ್ಬಮ್ ಕೇಳಾಕ ಶುರು ಮಾಡ್ಬೇಕು ಅನ್ಕೊಂಡೀನಿ. ರಾಕ್ ಹಚ್ಚಲಾ, ರ‍್ಯಾಪ್ ಹಚ್ಚಲಾ, ಇಲ್ಲಾ ಆ ಕಂಪ್ಯೂಟರ್ ಮ್ಯೂಸಿಕ್ ಹಚ್ಚಲಾ?"

"ಯಾವ ಹೊತ್ತಿನಾಗ ಕೇಳ್ತಿ?" ಅಂದೆ.

ಅವನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ಬಳ್ಳಾರಿಯಿಂದ ಹೋಗಲು ಬಸ್ಸಿನಲ್ಲಿ ಸುಮಾರು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ಅವನಿಗೆ ಹಾಡು ಕೇಳಲು ಸಿಗುವ ಹೊತ್ತು ಅಷ್ಟೇ. ಹಾಗಾಗಿ ಅವನು ಯಾವ ಆಲ್ಬಮ್ ಆರಿಸಬೇಕು ಅನ್ನುವುದನ್ನು ಆ ಮುಕ್ಕಾಲು ಗಂಟೆಯೇ ಹೇಳಬೇಕಿತ್ತು.

ಹಿಂದೂಸ್ತಾನಿ ಕೇಳಿ ಬೆಳೆದವರಿಗೆ ಇದು ಹೊಸ ಮಾತಲ್ಲ. ಲಲಿತ್ ಬೆಳಗಿನ ಜಾವದ ರಾಗ. ಯಮನ್ ದೀಪ ಹಚ್ಚುವ ಹೊತ್ತಿನದು. ಮಾಲಕೌಂಸ್ ನಡುರಾತ್ರಿಯದು. ಆಲ್ಬಮ್‌ಗಳಿಗೂ ಇಂಥ ಹೊತ್ತು ಇದೆ ಅಂತ ನಾನು ನಂಬಿದ್ದೇನೆ. ಎಷ್ಟೋ ಜನ "ರ‍್ಯಾಪ್ ನನಗೆ ಸೇರಲ್ಲ" ಅನ್ನುತ್ತಾರೆ. ಕೇಳಿದ ಹೊತ್ತು ಯಾವುದು ಅಂತ ವಿಚಾರಿಸಿದರೆ, ಮದುವೆ ಮನೆಯಲ್ಲಿ ಸಾಮಾನು ಹೊರುವಾಗ ಯಾರದೋ ಫೋನಿನಲ್ಲಿ ಅರ್ಧ ಹಾಡು ಕೇಳಿರುತ್ತಾರೆ. ಹಾಗೆ ಕೇಳಿದರೆ ಯಾವ ಸಂಗೀತವೂ ಸೇರುವುದಿಲ್ಲ.

ಕೆಳಗಿರುವುದು ನನ್ನ ಸ್ವಂತ ಅಭಿಪ್ರಾಯ. ನಾನು ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಸಂಗೀತ ಕಲಿತವನಲ್ಲ. ಆದರೆ ಹದಿನೈದು ವರ್ಷದಿಂದ ಆಲ್ಬಮ್‌ಗಳನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೂತು ಕೇಳಿದ್ದೇನೆ.

ಮೊದಲು ಫೋನಿನ ಸೆಟ್ಟಿಂಗ್

ಹಾಡುಗಳನ್ನು ಕಲಸಿ ಹಾಕುವ ಶಫಲ್ ಆಫ್ ಮಾಡಿ. ಆಲ್ಬಮ್ ಅಂದರೆ ಹಾಡುಗಳ ಗುಡ್ಡೆ ಅಲ್ಲ, ಅದಕ್ಕೊಂದು ಜೋಡಣೆ ಇದೆ. ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆ ಸೇರಿಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ತೆಗೆಯಿರಿ. ನಡುವೆ ಬಿಡುವಿಲ್ಲದೆ ಹರಿಯುವ ಗ್ಯಾಪ್‌ಲೆಸ್ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಬಸ್ಸಲ್ಲಿ ಕೇಳುವವರು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಅರ್ಧಕ್ಕೆ ನೆಟ್‌ವರ್ಕ್ ನಿಂತರೆ ಕಟ್ಟಿಕೊಂಡ ಲಹರಿ ಎಲ್ಲಾ ಹೋಗುತ್ತದೆ.

ಇನ್ನೊಂದು ಮಾತು, ಸ್ಪೀಕರ್ ಬಗ್ಗೆ. ಅಂಗೈ ಅಗಲದ ಬ್ಲೂಟೂತ್ ಸ್ಪೀಕರಿನಲ್ಲಿ ರಾಕ್ ಸುಮಾರಾಗಿ ಬದುಕುತ್ತದೆ. ಗಿಟಾರ್, ಹಾಡುವವರ ದನಿ ಎರಡೂ ನಡುವಿನ ಸ್ವರಮಟ್ಟದಲ್ಲಿ ಇರುತ್ತವೆ, ಸಣ್ಣ ಸ್ಪೀಕರಿಗೂ ಅವು ದಕ್ಕುತ್ತವೆ. ಎಲೆಕ್ಟ್ರಾನಿಕ್ ಹಾಗಲ್ಲ. ಅದರ ಅರ್ಧ ಜೀವ ಕೆಳಗಿನ ಬೇಸ್‌ನಲ್ಲಿದೆ. ಸಣ್ಣ ಸ್ಪೀಕರಿನಲ್ಲಿ ಅದು ಬರುವುದೇ ಇಲ್ಲ. ರ‍್ಯಾಪ್‌ಗೆ ಇಯರ್‌ಫೋನ್ ಬೇಕು, ಮಾತು ಕಿವಿಯ ಹತ್ತಿರ ಇರಬೇಕು.

ಮುಕ್ಕಾಲು ಗಂಟೆಯ ಲೆಕ್ಕ

ಹಳೆಯ ಆಲ್ಬಮ್‌ಗಳು ಯಾಕೆ ನಲವತ್ತು ನಿಮಿಷದ ಆಸುಪಾಸಿನಲ್ಲಿವೆ ಗೊತ್ತಾ? ಎಲ್‌ಪಿ ಪ್ಲೇಟಿನ, ಅಂದರೆ ಹಳೆಯ ಗ್ರಾಮಫೋನ್ ತಟ್ಟೆಯ, ಒಂದೊಂದು ಬದಿಯಲ್ಲಿ ಒಳ್ಳೆಯ ಗುಣಮಟ್ಟದಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ ಹಿಡಿಯುತ್ತಿತ್ತು. ಎರಡು ಬದಿ ಸೇರಿದರೆ ನಲವತ್ತು. ಆಮೇಲೆ ಸಿಡಿ ಬಂತು, ಎಪ್ಪತ್ತು ನಿಮಿಷ ದಾಟಿದ ಆಲ್ಬಮ್‌ಗಳೂ ಬಂದವು. ನನ್ನ ತಮ್ಮನಂಥವರಿಗೆ, ಅಂದರೆ ಪ್ರಯಾಣದಲ್ಲಿ ಕೇಳುವವರಿಗೆ, ಈ ನಲವತ್ತು ನಿಮಿಷದ ಆಲ್ಬಮ್‌ಗಳೇ ವರ. ಹತ್ತಿದಾಗ ಶುರು, ಇಳಿಯುವಾಗ ಮುಗಿತು.

ರಾಕ್‌ನಲ್ಲಿ ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' 43 ನಿಮಿಷ. ನಿರ್ವಾಣ ತಂಡದ 'ನೆವರ್‌ಮೈಂಡ್' 42ರ ಸುಮಾರು. ರ‍್ಯಾಪ್‌ನಲ್ಲಿ ನಾಸ್‌ನ 'ಇಲ್‌ಮ್ಯಾಟಿಕ್' 40. ಎಲೆಕ್ಟ್ರಾನಿಕ್‌ನಲ್ಲಿ ಕ್ರಾಫ್ಟ್‌ವರ್ಕ್ ತಂಡದ 'ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್' ಕೂಡ 42ರ ಹತ್ತಿರ. ಇವುಗಳಲ್ಲಿ ಇಲ್‌ಮ್ಯಾಟಿಕ್ ಬಂದದ್ದು 1994ರಲ್ಲಿ, ಸಿಡಿ ಕಾಲದಲ್ಲಿ. ಉದ್ದ ಮಾಡಲು ಜಾಗ ಇದ್ದರೂ ಚಿಕ್ಕದಾಗಿಯೇ ನಿಲ್ಲಿಸಿದರು. ಅದರಲ್ಲಿ ತೆಗೆದುಹಾಕುವಂಥ ಒಂದು ಸಾಲೂ ನನಗೆ ಸಿಕ್ಕಿಲ್ಲ.

ರಾಕ್: ಹಗಲಿನದು ಒಂದು, ರಾತ್ರಿಯದು ಒಂದು

ಮೈಯಲ್ಲಿ ಸಿಟ್ಟು, ಸುಸ್ತು ಎರಡೂ ಇರುವ ಹೊತ್ತಿಗೆ ನೆವರ್‌ಮೈಂಡ್ ಸರಿ. 1991ರ ಸೆಪ್ಟೆಂಬರಿನಲ್ಲಿ ಬಂತು. 1992ರ ಜನವರಿಯಲ್ಲಿ ಮೈಕಲ್ ಜಾಕ್ಸನ್‌ನ ಆಲ್ಬಮ್ಮನ್ನು ಕೆಳಗಿಳಿಸಿ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಮೊದಲ ಜಾಗಕ್ಕೆ ಹೋಯಿತು. ಅದರ ಕಟ್ಟೋಣ ಸರಳ. ಮೆಲ್ಲಗೆ ಹಾಡುತ್ತಾರೆ, ಆಮೇಲೆ ಒಮ್ಮೆಲೇ ಕಿರುಚುತ್ತಾರೆ, ಮತ್ತೆ ಮೆಲ್ಲಗೆ. ನಮ್ಮ ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿ ಬಂದಾಗ ಮೆಷಿನ್‌ಗಳೆಲ್ಲಾ ಒಟ್ಟಿಗೆ ಗುಂಯ್ ಅನ್ನುತ್ತವಲ್ಲ, ಹಾಗೆ. ಪದ ಅರ್ಥ ಆಗದಿದ್ದರೂ ನಡೆಯುತ್ತದೆ. ಇಂಗ್ಲಿಷ್ ಹಾಡು ಹೊಸದಾಗಿ ಕೇಳುವವರಿಗೆ ಇದು ಸುಲಭದ ಬಾಗಿಲು.

ಡಾರ್ಕ್ ಸೈಡ್ ರಾತ್ರಿಯದು. ದೀಪ ಆರಿಸಿ, ಮಾಳಿಗೆ ಮೇಲೆ ಚಾಪೆ ಹಾಕಿಕೊಂಡು ಕೇಳಬೇಕಾದದ್ದು. 1973ರ ಆಲ್ಬಮ್. ಎದೆಬಡಿತದಿಂದ ಶುರುವಾಗುತ್ತದೆ, ಎದೆಬಡಿತದಿಂದಲೇ ಮುಗಿಯುತ್ತದೆ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ವಾರ ಇತ್ತು. ಆದರೆ ನಾನು ಇದನ್ನು ನಮ್ಮ ಕಡೆಯವರಿಗೆ ಹೇಳುವುದು ಬೇರೆ ಎರಡು ಕಾರಣಕ್ಕೆ.

ಒಂದು, ಅದರಲ್ಲಿ ದುಡ್ಡಿನ ಬಗ್ಗೆ ಒಂದು ಹಾಡಿದೆ. ಚಿಲ್ಲರೆ, ಗಲ್ಲಾಪೆಟ್ಟಿಗೆ ಇವುಗಳ ಸದ್ದನ್ನು ಟೇಪಿನಲ್ಲಿ ಹಿಡಿದು, ಕತ್ತರಿಸಿ, ಅಂಟಿಸಿ ತಾಳ ಮಾಡಿದ್ದಾರೆ. ಆ ತಾಳ ಏಳು ಎಣಿಕೆಯದು. ತಬಲಾ ಕೇಳಿದವರಿಗೆ ರೂಪಕ್ ನೆನಪಾಗುತ್ತದೆ, ಅದೂ ಏಳು ಮಾತ್ರೆ. ಗಿಟಾರ್ ಒಂಟಿಯಾಗಿ ಏಳುವಾಗ ಲೆಕ್ಕ ನಾಲ್ಕಕ್ಕೆ ಬದಲಾಗುತ್ತದೆ. ಆ ಬದಲಾವಣೆಯನ್ನು ಬೆರಳಲ್ಲಿ ಎಣಿಸಿ ಹಿಡಿದ ದಿನ ನನಗಾದ ಖುಷಿ ಇವತ್ತಿಗೂ ನೆನಪಿದೆ.

ಎರಡು, ಕ್ಲೇರ್ ಟೋರಿ ಅನ್ನುವ ಗಾಯಕಿ ಒಂದೇ ಒಂದು ಪದ ಇಲ್ಲದೆ ಹಾಡಿದ ಭಾಗ. ಸಾವಿನ ಬಗ್ಗೆ ಇರುವ ತುಣುಕು ಅದು. ಬರೀ ದನಿ. ನಾವು ಅದಕ್ಕೆ ಆಲಾಪ ಅನ್ನುತ್ತೇವೆ. ನನ್ನ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅದನ್ನು ಕೇಳಿ "ಯಾರನ್ನ ಕಳ್ಕೊಂಡಾಳ ಈಕಿ?" ಅಂತ ಕೇಳಿದಳು. ಇಂಗ್ಲಿಷ್ ಬರದಿದ್ದರೆ ಏನು ಮಾಡುವುದು ಅಂತ ಹಿಂಜರಿಯುವವರಿಗೆ ನನ್ನ ಅಮ್ಮನ ಈ ಪ್ರಶ್ನೆಯನ್ನೇ ಹೇಳುತ್ತೇನೆ.

ಎರಡರಲ್ಲಿ ಒಂದೇ ಅಂದರೆ? ನನ್ನ ಆಯ್ಕೆ ಡಾರ್ಕ್ ಸೈಡ್. ನೆವರ್‌ಮೈಂಡ್ ನನ್ನ ಇಪ್ಪತ್ತನೇ ವಯಸ್ಸಿಗೆ ಬೇಕಾಗಿತ್ತು, ಆಗ ಅದು ನನ್ನ ಕೈಹಿಡಿಯಿತು. ಈಗ ವರ್ಷಕ್ಕೆ ಎರಡು ಸಲ ಕೇಳಿದರೆ ಜಾಸ್ತಿ.

ಇಂಗ್ಲಿಷ್ ಬೇಡವೇ ಬೇಡ ಅನ್ನುವವರು ದೆಹಲಿಯ ಇಂಡಿಯನ್ ಓಷನ್ ತಂಡದ 2000ದ ಆಲ್ಬಮ್ 'ಕಂದಿಸಾ' ಹಚ್ಚಿ. ತಬಲಾ ಇದೆ, ನರ್ಮದೆಯ ಮೇಲಿನ ಹಾಡಿದೆ. ರಾಕ್ ಅಂದರೆ ಗದ್ದಲ ಅನ್ನುವ ಭಯ ಹೋಗುತ್ತದೆ. ಕನ್ನಡ ಹಾಡೂ ಬೇಕು ಅಂದರೆ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್. ಅದರಲ್ಲಿ ಶಿಶುನಾಳ ಶರೀಫರ ಪದ ಗಿಟಾರಿನ ಜೊತೆ ಬರುತ್ತದೆ.

ರ‍್ಯಾಪ್: ಕೂತು ಕೇಳುವ ಹೊತ್ತು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೂರರಲ್ಲಿ ಜಾಸ್ತಿ ತಪ್ಪು ತಿಳಿಯುವುದು ಇದನ್ನೇ.

ನಾನು ಚಿಕ್ಕವನಿದ್ದಾಗ ದರೋಜಿ ಈರಮ್ಮ ಅವರ ಬುರ‍್ರಕಥೆ ಕೇಳಿದ್ದೇನೆ. ಸಂಡೂರು ತಾಲ್ಲೂಕಿನ ದರೋಜಿಯವರು. ಓದು ಬರಹ ಕಲಿತವರಲ್ಲ. ಆದರೆ ರಾತ್ರಿಗಟ್ಟಲೆ ಹಾಡುವಷ್ಟು ಕಾವ್ಯ ಬಾಯಲ್ಲಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತ್ತು. 2014ರಲ್ಲಿ ತೀರಿಕೊಂಡರು. ಅವರ ಕಥೆಯಲ್ಲಿ ಹಾಡು ಎಲ್ಲಿ ಮುಗಿದು ಮಾತು ಎಲ್ಲಿ ಶುರುವಾಯಿತು ಅಂತ ಹೇಳಲು ಬರುತ್ತಿರಲಿಲ್ಲ. ತಾಳ ಓಡುತ್ತಲೇ ಇರುತ್ತದೆ, ಅದರ ಮೇಲೆ ಮಾತು ಕುದುರೆ ಸವಾರಿ ಮಾಡುತ್ತದೆ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅಂತ ಕಾಯುತ್ತಾ ಕೂರುತ್ತಿದ್ದೆ.

ಮೊದಲ ಸಲ ನಾಸ್ ಕೇಳಿದಾಗ ನನಗೆ ನೆನಪಾದದ್ದು ಈರಮ್ಮನವರು. ಎರಡರ ಬೇರು ಬೇರೆ ಬೇರೆ, ಅದು ಗೊತ್ತು. ರ‍್ಯಾಪ್ ಬೆಳೆದ ಹಿಪ್‌ಹಾಪ್ ಸಂಗೀತ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ತಂಗಿಯ ಪಾರ್ಟಿಯಲ್ಲಿ ಪ್ಲೇಟು ಹಚ್ಚಿದ ದಿನವನ್ನು ಅದರ ಹುಟ್ಟುಹಬ್ಬ ಅನ್ನುತ್ತಾರೆ. ಹಾಡಿನಲ್ಲಿ ಡ್ರಮ್ ಮಾತ್ರ ಉಳಿಯುವ ತುಣುಕಿಗೆ ಜನ ಜಾಸ್ತಿ ಕುಣಿಯುತ್ತಾರೆ ಅಂತ ಅವನು ಗಮನಿಸಿದ್ದ. ಆ ತುಣುಕನ್ನೇ ಎರಡು ಪ್ಲೇಟಿನಲ್ಲಿ ಹಿಂದೆ ಮುಂದೆ ಮಾಡಿ ಉದ್ದ ಮಾಡುತ್ತಿದ್ದ. ಓಡುವ ತಾಳ, ಅದರ ಮೇಲೆ ಊರಿನ ಕಥೆ. ಕೇಳುವ ಕಿವಿಗೆ ಮಾತ್ರ ಎರಡೂ ಒಂದೇ ಕೆಲಸ ಕೊಡುತ್ತವೆ.

ಹಾಗಾಗಿ ರ‍್ಯಾಪ್ ಆಲ್ಬಮ್ಮಿನ ಹೊತ್ತು ಯಾವುದು ಅಂದರೆ, ಕೈ ಖಾಲಿ ಇರುವ ಹೊತ್ತು. ಗಾಡಿ ಓಡಿಸುವಾಗ ಬೇಡ, ಅಡುಗೆ ಮಾಡುವಾಗ ಬೇಡ. ಮೊದಲ ಸಲ ಸಾಲುಗಳನ್ನು ಪರದೆ ಮೇಲೆ ಓದುತ್ತಾ ಕೇಳಿ. ಎರಡನೇ ಸಲ ಓದದೆ ಕೇಳಿ. ಮೂರನೇ ಸಲ ಪ್ರಾಸ ಹುಡುಕಿ. ನಮ್ಮ ಹಳೆಯ ಪದ್ಯದಲ್ಲಿ ಎರಡನೇ ಅಕ್ಷರಕ್ಕೆ ಪ್ರಾಸ ಕೂರಿಸುತ್ತಿದ್ದರು. ನಾಸ್ ಸಾಲಿನ ಹೊಟ್ಟೆಯೊಳಗೇ ಎರಡು ಮೂರು ಕಡೆ ಪ್ರಾಸ ಕಟ್ಟುತ್ತಾನೆ. ಆಗ ಅವನಿಗೆ ಇಪ್ಪತ್ತೇ ವರ್ಷ. ಕ್ವೀನ್ಸ್‌ಬ್ರಿಡ್ಜ್ ಅನ್ನುವ ಬಡವರ ವಸತಿ ಕಟ್ಟಡಗಳಲ್ಲಿ ಬೆಳೆದವನು, ಕಿಟಕಿಯಿಂದ ಕಂಡದ್ದನ್ನು ಹೇಳುತ್ತಾನೆ. ಅವನ ಅಪ್ಪ ಓಲು ದಾರಾ ಜಾಝ್ ವಾದಕ. ಒಂದು ಹಾಡಿನ ಕೊನೆಯಲ್ಲಿ ಅಪ್ಪನ ಕಾರ್ನೆಟ್, ಅಂದರೆ ತುತ್ತೂರಿಯಂಥ ವಾದ್ಯ, ಕೇಳಿಸುತ್ತದೆ. ಮಗ ಮಾತು ಮುಗಿಸಿದ ಜಾಗದಲ್ಲಿ ಅಪ್ಪ ಊದುತ್ತಾನೆ. ಅದನ್ನು ಕೇಳುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಕೆಂಡ್ರಿಕ್ ಲಮಾರ್‌ನ 'ಟು ಪಿಂಪ್ ಎ ಬಟರ್‌ಫ್ಲೈ' ಇದಕ್ಕಿಂತ ದೊಡ್ಡ ಕೆಲಸ. 2015ರದು, 79 ನಿಮಿಷ. ಒಂದು ಕವಿತೆ ಹಾಡುಗಳ ನಡುವೆ ಸಾಲು ಸಾಲಾಗಿ ಬೆಳೆಯುತ್ತಾ ಹೋಗಿ ಕೊನೆಯಲ್ಲಿ ಪೂರ್ತಿಯಾಗುತ್ತದೆ. ಹಿಂದೆ ಜಾಝ್ ವಾದಕರ ದಂಡೇ ಇದೆ. ಇದನ್ನು ಭಾನುವಾರ ಬೆಳಿಗ್ಗೆ, ಮನೆಯವರೆಲ್ಲಾ ಊರಿಗೆ ಹೋಗಿದ್ದಾಗ ಕೇಳಿ. ಬಸ್ಸಿನಲ್ಲಿ ಕೇಳಿದರೆ ಅರ್ಧಕ್ಕೆ ಇಳಿಯಬೇಕಾಗುತ್ತದೆ, ಆ ಕವಿತೆಯೂ ಅರ್ಧಕ್ಕೇ ನಿಲ್ಲುತ್ತದೆ. ಅದೇ ಕೆಂಡ್ರಿಕ್‌ನ 2017ರ 'ಡ್ಯಾಮ್' ಸ್ವಲ್ಪ ಚಿಕ್ಕದು. 2018ರಲ್ಲಿ ಅದಕ್ಕೆ ಅಮೆರಿಕದ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂತು. ಅದುವರೆಗೆ ಶಾಸ್ತ್ರೀಯ ಸಂಗೀತಕ್ಕೆ, ಜಾಝ್‌ಗೆ ಮಾತ್ರ ಸಿಕ್ಕಿದ್ದ ಪ್ರಶಸ್ತಿ ಅದು. ಅದನ್ನು ಕೊನೆಯ ಹಾಡಿನಿಂದ ಮೊದಲಿನ ಹಾಡಿಗೂ ಕೇಳಬಹುದು. ಹಾಗೆ ತಿರುವಿ ಜೋಡಿಸಿದ ಆವೃತ್ತಿಯನ್ನು ಅವರೇ ತಂದರು. ಎರಡು ದಿಕ್ಕಿನಲ್ಲೂ ಕೇಳಿದ್ದೇನೆ. ನನಗೆ ಹಿಂದಿನಿಂದ ಮುಂದಕ್ಕೇ ಜಾಸ್ತಿ ಹಿಡಿಸಿತು.

ಒಂದು ಎಚ್ಚರಿಕೆ. ಈ ಆಲ್ಬಮ್‌ಗಳಲ್ಲಿ ಬೈಗುಳ ಬರುತ್ತದೆ. ಮಕ್ಕಳು, ಹಿರಿಯರು ಇರುವ ಪಡಸಾಲೆಯಲ್ಲಿ ಸ್ಪೀಕರಿಗೆ ಹಾಕಬೇಡಿ. ಮನೆಯಲ್ಲಿ ಎಲ್ಲರೆದುರು ಹಚ್ಚುವುದಾದರೆ ಲಾರಿನ್ ಹಿಲ್‌ಳ 1998ರ ಆಲ್ಬಮ್ಮಿನಿಂದ ಶುರು ಮಾಡಿ. ಅದರಲ್ಲಿ ರ‍್ಯಾಪ್ ಅರ್ಧ, ಹಾಡು ಅರ್ಧ. ತನ್ನ ಮಗನಿಗಾಗಿ ಹಾಡಿದ ಹಾಡೊಂದಿದೆ. ನಮ್ಮ ಅಕ್ಕ ಅದನ್ನು ಬಸುರಿಯಾಗಿದ್ದಾಗ ದಿನಾ ಕೇಳುತ್ತಿದ್ದಳು.

ಕನ್ನಡ ರ‍್ಯಾಪ್‌ನ ಬಗ್ಗೆ ಕೇಳುತ್ತೀರಿ. ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೋ ಇವರ ಹಾಡುಗಳನ್ನು ಕೇಳಿದ್ದೇನೆ. ನನ್ನ ಕೊರಗು ಒಂದೇ. ನಮ್ಮಲ್ಲಿ ಬಿಡಿ ಹಾಡುಗಳೇ ಜಾಸ್ತಿ. ಒಂದು ಊರನ್ನು, ಒಂದು ಬೀದಿಯನ್ನು ನಲವತ್ತು ನಿಮಿಷ ಹಿಡಿದು ಹೇಳುವ ಆಲ್ಬಮ್ ನಮ್ಮ ಬಳ್ಳಾರಿ ಕನ್ನಡದಲ್ಲಿ, ನಮ್ಮ ರಾಯಚೂರು ಕನ್ನಡದಲ್ಲಿ ಬರಬೇಕು. ಕೆಂಪು ಧೂಳಿನ ಬಗ್ಗೆ, ಜೀನ್ಸ್ ವಾಷಿಂಗ್ ಮಾಡುವವರ ನೀಲಿ ಕೈಗಳ ಬಗ್ಗೆ ಹೇಳಲು ಎಷ್ಟೊಂದಿದೆ! ಅದು ಬಂದ ದಿನ ನಾನೇ ಎಲ್ಲರಿಗೂ ಕಳಿಸುತ್ತೇನೆ.

ಎಲೆಕ್ಟ್ರಾನಿಕ್: ಕೈ ಕೆಲಸದಲ್ಲಿದ್ದಾಗ, ಅಥವಾ ಏನೂ ಕೆಲಸ ಇಲ್ಲದಾಗ

"ಒಂದೇ ಸದ್ದು, ಹಾಡೇ ಇಲ್ಲ" ಅನ್ನುವ ದೂರು ಇದರ ಮೇಲೆ ಮಾಮೂಲು. ನಾನೂ ಹಾಗೇ ಅಂದುಕೊಂಡಿದ್ದೆ. ಅದು ಬದಲಾದದ್ದು ಮೊಹರಂ ರಾತ್ರಿ. ನಮ್ಮ ಅಮ್ಮನ ತವರು ಕುಷ್ಟಗಿ ಕಡೆಯ ಹಳ್ಳಿ. ಅಲ್ಲಿ ಅಲಾಯಿ ಕುಣಿಯ, ಅಂದರೆ ಬೆಂಕಿ ಗುಂಡಿಯ, ಸುತ್ತ ಎಲ್ಲಾ ಜಾತಿಯವರೂ ಹೆಜ್ಜೆ ಹಾಕುತ್ತಾರೆ. ಹಲಗೆಯ ಪೆಟ್ಟು ಒಂದೇ. ಅರ್ಧ ಗಂಟೆ, ಒಂದು ಗಂಟೆ, ಅದೇ ಪೆಟ್ಟು. ಯಾರೂ ಬೇಸರ ಅನ್ನುವುದಿಲ್ಲ. ಪೆಟ್ಟು ಬದಲಾಗದಿದ್ದರೂ ಕುಣಿಯುವವರು ಬದಲಾಗುತ್ತಾ ಹೋಗುತ್ತಾರೆ. ಅಲ್ಲಿಂದ ಬಂದ ವಾರವೇ ನಾನು ಕ್ರಾಫ್ಟ್‌ವರ್ಕ್ ಮತ್ತೆ ಹಚ್ಚಿದೆ. ಈ ಸಲ ಅರ್ಥವಾಯಿತು.

ಅವರು ಜರ್ಮನಿಯ ಡುಸೆಲ್‌ಡಾರ್ಫ್‌ನವರು. 1974ರಲ್ಲಿ ಹೆದ್ದಾರಿ ಪ್ರಯಾಣದ ಮೇಲೆ 22 ನಿಮಿಷದ ಹಾಡು ಮಾಡಿದರು. 1977ರಲ್ಲಿ ರೈಲಿನ ಮೇಲೆ ಟ್ರಾನ್ಸ್ ಯುರೋಪ್ ಎಕ್ಸ್‌ಪ್ರೆಸ್. ಇದನ್ನು ಕೊಪ್ಪಳದಿಂದ ಬಳ್ಳಾರಿಗೆ ರೈಲಿನಲ್ಲಿ ಬರುವಾಗ ಕೇಳಿ. ಮುನಿರಾಬಾದ್ ದಾಟಿ ಹೊಸಪೇಟೆ ಹತ್ತಿರ ಬರುವಾಗ ಹಳಿಯ ಸದ್ದು, ಆಲ್ಬಮ್ಮಿನ ಸದ್ದು ಎರಡೂ ಬೆರೆಯುತ್ತವೆ. 1982ರಲ್ಲಿ ಬ್ರಾಂಕ್ಸ್‌ನ ಆಫ್ರಿಕಾ ಬಂಬಾಟಾ ಇದರ ರಾಗವನ್ನೇ ಎತ್ತಿಕೊಂಡು ಹಿಪ್‌ಹಾಪ್ ಹಾಡು ಮಾಡಿದ. ಜರ್ಮನಿಯ ರೈಲು ಬ್ರಾಂಕ್ಸ್ ಮುಟ್ಟಿತು. ಈ ಮೂರು ಬಗೆಯ ಸಂಗೀತ ನಾವು ಅಂದುಕೊಂಡಷ್ಟು ದೂರ ಇಲ್ಲ ಅನ್ನುವುದು ಇದಕ್ಕೇ.

ಡಾಫ್ಟ್ ಪಂಕ್‌ನ 'ಡಿಸ್ಕವರಿ', 2001ರದು, ಯೂನಿಟ್‌ನಲ್ಲಿ ಕೆಲಸದ ಹೊತ್ತಿಗೆ ಸರಿ. ನಮ್ಮ ಓವರ್‌ಲಾಕ್ ಮೆಷಿನ್‌ನವರು ಪದ ಕೇಳದೆಯೇ ಅದಕ್ಕೆ ತಲೆದೂಗುತ್ತಾರೆ. ಅವರದೇ 2013ರ 'ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್' ಅಮೆರಿಕದ ಗ್ರ್ಯಾಮಿ ಪ್ರಶಸ್ತಿಯಲ್ಲಿ ವರ್ಷದ ಆಲ್ಬಮ್ ಆಯಿತು. ಒಳ್ಳೆಯದೇ. ಆದರೆ 74 ನಿಮಿಷ ನನಗೆ ಉದ್ದ ಅನ್ನಿಸಿತು.

ಬ್ರಯಾನ್ ಈನೋ ಅವರ 1978ರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಇನ್ನೊಂದು ಬಗೆ. ಬೇರೆ ಬೇರೆ ಉದ್ದದ ಟೇಪ್ ಸುರುಳಿಗಳು ಸುತ್ತುತ್ತಾ ಒಂದರ ಮೇಲೊಂದು ಬೀಳುತ್ತವೆ, ತಾಳವೇ ಇಲ್ಲ. ನಿದ್ದೆ ಬಾರದ ರಾತ್ರಿಗೆ. ಫ್ಯಾನ್ ಐದರಲ್ಲಿ ತಿರುಗುತ್ತಿದ್ದರೆ ಅದು ಕೇಳಿಸುವುದಿಲ್ಲ, ಹಾಗಾಗಿ ನಮ್ಮ ಊರಿನಲ್ಲಿ ಇದು ಚಳಿಗಾಲದ ಆಲ್ಬಮ್.

ಆದರೆ ನಮ್ಮ ಕಡೆಯವರು ಎಲೆಕ್ಟ್ರಾನಿಕ್ ಅನ್ನು ಶುರು ಮಾಡಬೇಕಾದದ್ದು ಇವು ಯಾವುದರಿಂದಲೂ ಅಲ್ಲ. ಮುಂಬೈನ ಚರಣ್‌ಜಿತ್ ಸಿಂಗ್ ಅವರಿಂದ. ಸಿನಿಮಾ ವಾದ್ಯವೃಂದದಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಒಂದು ತಾಳದ ಯಂತ್ರ 808, ಒಂದು ಬೇಸ್ ಯಂತ್ರ 303, ಒಂದು ಜುಪಿಟರ್ ಕೀಬೋರ್ಡ್. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ. ನಮ್ಮ ಮೀಂಡ್‌ನ ಹಾಗೆ. ಅದಕ್ಕೇ ರಾಗ ಅದರಲ್ಲಿ ಅಷ್ಟು ಚೆನ್ನಾಗಿ ಕೂತಿತು ಅಂತ ನನಗನ್ನಿಸುತ್ತದೆ. ಆಗ ಯಾರೂ ಅದನ್ನು ಕೇಳಲಿಲ್ಲ. ಐದು ವರ್ಷದ ಮೇಲೆ, 1987ರಲ್ಲಿ, ಶಿಕಾಗೋದ ಹುಡುಗರು ಅದೇ 303 ಹಿಡಿದು ಆ್ಯಸಿಡ್ ಹೌಸ್ ಅನ್ನುವ ಕುಣಿತದ ಸಂಗೀತದ ಹೊಸ ಬಗೆಯನ್ನೇ ತಂದರು. 2010ರಲ್ಲಿ ಈ ಆಲ್ಬಮ್ ಮತ್ತೆ ಅಚ್ಚಾದಾಗ ಜಗತ್ತಿನವರು ಬೆರಗಾದರು. ಚರಣ್‌ಜಿತ್ ಅವರು 2015ರಲ್ಲಿ ತೀರಿಕೊಂಡರು. ಬದುಕಿದ್ದಾಗಲೇ ಆ ಗೌರವ ಕಂಡರಲ್ಲ ಅನ್ನುವುದು ನನಗೆ ದೊಡ್ಡ ಸಮಾಧಾನ.

ಶಫಲ್ ಬೇಡ, ಕ್ರಮ ಮುರಿಯಬೇಡಿ ಅಂತ ಮೇಲೆ ಹೇಳಿದೆ. ಈ ಒಂದು ಆಲ್ಬಮ್‌ಗೆ ಮಾತ್ರ ಆ ಮಾತು ವಾಪಸ್. ಇದರಲ್ಲಿ ಭೈರವಿಯ ಹಿಂದೆ ಲಲಿತ್, ಅದರ ಹಿಂದೆ ಭೂಪಾಲಿ ಬರುತ್ತದೆ. ಜೋಡಣೆ ಹೊತ್ತಿನ ಪ್ರಕಾರ ಇಲ್ಲ. ನೀವೇ ಬಿಡಿಸಿ ಜೋಡಿಸಿಕೊಳ್ಳಿ. ಬೆಳಗಿನ ಜಾವಕ್ಕೆ ಲಲಿತ್, ಆಮೇಲೆ ತೋಡಿ, ಸಂಜೆಗೆ ಯಮನ್, ರಾತ್ರಿಗೆ ಮಾಲಕೌಂಸ್, ಮಳೆ ಬಂದ ದಿನ ಮೇಘ ಮಲ್ಹಾರ್. ನಮ್ಮಲ್ಲಿ ಮಳೆ ಕಡಿಮೆ, ಹಾಗಾಗಿ ಆ ಕೊನೆಯದನ್ನು ನಾನು ವರ್ಷದಲ್ಲಿ ಕೆಲವೇ ದಿನ ಕೇಳುತ್ತೇನೆ. ಬೇಕಂತಲೇ ಉಳಿಸಿಟ್ಟುಕೊಳ್ಳುತ್ತೇನೆ.

ತಮ್ಮನಿಗೆ ನಾನು ಹೇಳಿದ್ದು

ಬೆಳಗಿನ ಪಾಳಿಯ ವಾರ, ಹೋಗುವಾಗ ಚರಣ್‌ಜಿತ್ ಇಲ್ಲಾ ಕ್ರಾಫ್ಟ್‌ವರ್ಕ್. ಮಧ್ಯಾಹ್ನ ದಣಿದು ಬರುವಾಗ ನೆವರ್‌ಮೈಂಡ್. ರಜೆಯ ದಿನ ಇಲ್‌ಮ್ಯಾಟಿಕ್, ಸಾಲು ಓದುತ್ತಾ. ರಾತ್ರಿ ಪಾಳಿಗೆ ಹೋಗುವಾಗ ಏನೂ ಬೇಡ, ಸ್ವಲ್ಪ ನಿದ್ದೆ ಮಾಡು ಅಂದೆ. ಮೂರೂ ಬಗೆಯನ್ನು ತಿಂಗಳು ಕೇಳು, ಆಮೇಲೆ ಯಾವುದು ನಿನ್ನದು ಅಂತ ಹೇಳು ಅಂದೆ.

ತಿಂಗಳಾದ ಮೇಲೆ ಒಂದು ದಿನ ಬೆಳ್ಳಂಬೆಳಿಗ್ಗೆ ಫೋನ್ ಬಂತು. ರಾತ್ರಿ ಪಾಳಿ ಮುಗಿಸಿ ಬಸ್ ಹತ್ತಿದ್ದ. ಹಿಂದೆ ಬಸ್ಸಿನ ಸದ್ದು. "ಅಣ್ಣಾ, ಕುಡತಿನಿ ದಾಟ್ಯದ. ಈಗ ಸೂರ್ಯ ಹುಟ್ತಾ ಇದಾನ. ಲಲಿತ್ ಹಚ್ಚೀನಿ" ಅಂದ. ಆಮೇಲೆ ಮಾತಾಡಲಿಲ್ಲ, ಫೋನನ್ನೂ ಇಡಲಿಲ್ಲ. ಇಯರ್‌ಫೋನ್ ತೆಗೆದು ಫೋನಿನ ಬಾಯಿಗೆ ಹಿಡಿದಿದ್ದ. ಹಾಸಿಗೆಯಲ್ಲೇ ಎದ್ದು ಕೂತು ಆ ಹಾಡು ಮುಗಿಯುವವರೆಗೂ ಕೇಳಿದೆ.